ಕುರ್ಚಿ ಸಿಸ್ಟರ್ ಬರೆದ ಆರು

ಕುರ್ಚಿ ಸಿಸ್ಟರ್ ಬರುವ ಮೊದಲೇ ಅವಳ ಕುರ್ಚಿಯ ಸದ್ದು ಬರುತ್ತಿತ್ತು. ಕೈಗಳಿಲ್ಲದ ಮರದ ಕುರ್ಚಿ. ಒಂದು ಕಾಲಿನ ರಬ್ಬರ್ ಟೋಪಿ ಯಾವಾಗಲೋ ಕಳಚಿ ಬಿದ್ದಿತ್ತು. ಎತ್ತಿಕೊಂಡು ಹೋಗಲು ಅವಳ ಮಂಡಿ ಒಪ್ಪುತ್ತಿರಲಿಲ್ಲ, ಅದಕ್ಕೇ ಎಳೆದುಕೊಂಡು ಹೋಗುತ್ತಿದ್ದಳು. ಆ ಸದ್ದು ಕೇಳಿದ ಕೂಡಲೇ ವಾರ್ಡಿನ ಮುದುಕರಲ್ಲಿ ಕೆಲವರು, ಪರೀಕ್ಷೆಯ ದಿನ ಹೊಟ್ಟೆನೋವು ಬರುವ ಮಕ್ಕಳ ಹಾಗೆ, ಕಣ್ಣು ಮುಚ್ಚಿ ಗೊರಕೆ ಶುರುಮಾಡುತ್ತಿದ್ದರು.

“ಬಂತು ನೋಡಿ ಸಿಂಹಾಸನ,” ಅನ್ನುತ್ತಿದ್ದಳು ನೆಲ ಒರೆಸುವ ಆಯಮ್ಮ. “ಇವತ್ತು ಯಾರಿಗೆ ಪಟ್ಟಾಭಿಷೇಕ?”

“ನಿನಗೇ ಮಾಡ್ತೀನಿ ಬಾ. ಕೈ ಕಟ್ಟಿಕೊಂಡು ಕೂತು, ಕೈ ಊರದೆ ಐದು ಸಲ ಎದ್ದು ತೋರಿಸು.”

“ಕೂತ್ರೆ ತಾನೇ ಏಳೋದು! ಬೆಳಿಗ್ಗೆಯಿಂದ ನನ್ನನ್ನ ಕೂರೋಕೆ ಯಾರು ಬಿಟ್ಟಿದ್ದಾರೆ?”

ಅವಳ ಕೆಲಸ ಹೇಳಲು ಸುಲಭ. ಎಪ್ಪತ್ತು ದಾಟಿದವರು ಯಾರೇ ದಾಖಲಾಗಲಿ, ಮಾರನೆಯ ದಿನದೊಳಗೆ ಅವರ ಮಂಚದ ಪಕ್ಕ ಹೋಗಿ, ಆ ಮೈಯಲ್ಲಿ ತ್ರಾಣ ಎಷ್ಟು ಉಳಿದಿದೆ ಎಂದು ಅಳೆಯಬೇಕು. ಕಾಯಿಲೆ ಎಷ್ಟಿದೆ ಎಂದು ತಿಳಿಯಲು ರಕ್ತಪರೀಕ್ಷೆ ಇದೆ, ಎಕ್ಸ್‌ರೇ ಇದೆ. ತ್ರಾಣಕ್ಕೆ ಅಂಥದ್ದೇನೂ ಇಲ್ಲ. ಕೈ ಊರದೆ ಕುರ್ಚಿಯಿಂದ ಏಳುತ್ತಾರಾ, ನೆಲಕ್ಕೆ ಅಂಟಿಸಿದ ನೀಲಿ ಪಟ್ಟಿಯವರೆಗೆ ಹೋಗಿ ತಿರುಗಿ ಬರಲು ಎಷ್ಟು ಸೆಕೆಂಡು ಬೇಕು, ಅವಳ ಎರಡು ಬೆರಳನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಾರೆ, ಕಳೆದ ವರ್ಷದ ಬಟ್ಟೆ ಈಗ ಸಡಿಲವಾಗಿದೆಯಾ. ಜ್ವರದಲ್ಲಿ ಏಳಲಾರದವರ ಹತ್ತಿರ ಕುರ್ಚಿಗೆ ಕೆಲಸವಿಲ್ಲ. ಆಗ ಮಾತೇ ಅಳತೆ. ಕೊನೆಗೆ ಒಂದರಿಂದ ಒಂಬತ್ತರವರೆಗೆ ಒಂದು ಅಂಕಿ ಬರೆಯಬೇಕು. ಒಂದು ಅಂದರೆ ಗುಂಡುಕಲ್ಲಿನ ಹಾಗಿದ್ದಾರೆ. ಒಂಬತ್ತು ಅಂದರೆ ಇನ್ನು ಕೆಲವೇ ದಿನ.

ಮೇಲಿನ ಮಹಡಿಯಲ್ಲಿ ವ್ಯಾಯಾಮದ ವಾರ್ಡ್ ಇತ್ತು. ಎಂಟೇ ಮಂಚ. ಕಾಯಿಲೆ ಇಳಿದ ಮುದುಕರನ್ನು ಅಲ್ಲಿ ಮೂರು ವಾರ ಇಟ್ಟುಕೊಂಡು, ದಿನಕ್ಕೆರಡು ಹೊತ್ತು ನಡೆಸಿ, ಮೆಟ್ಟಿಲು ಹತ್ತಿಸಿ, ತಮ್ಮ ಕಾಲ ಮೇಲೆ ತಾವು ಮನೆಗೆ ಹೋಗುವಂತೆ ಮಾಡುತ್ತಿದ್ದರು. ಐದರವರೆಗಿನ ಅಂಕಿಗೆ ಮಾತ್ರ ಅಲ್ಲಿ ಜಾಗ. ಆರು ಬಿದ್ದರೆ ಇಲ್ಲ. ಜ್ವರ ಬಿಟ್ಟ ಮೇಲೆ ನೇರ ಮನೆಗೆ, ಹಾಸಿಗೆಗೆ. ಹಾಗೆ ಹಾಸಿಗೆಗೆ ಹೋದವರು ಮತ್ತೆ ಎದ್ದು ಓಡಾಡಿದ್ದು ಅಪರೂಪ.

ಹೊಸದಾಗಿ ಬಂದ ನರ್ಸುಗಳಿಗೆ ಅವಳು ಹೇಳಿಕೊಡುತ್ತಿದ್ದದ್ದು ಒಂದೇ ಪಾಠ. “ಇವತ್ತು ಹೇಗಿದ್ದಾರೆ ಅಂತ ನೋಡಿ ಬರೀಬೇಡ್ರಮ್ಮಾ. ಜ್ವರ ಬಂದ್ರೆ ಪೈಲ್ವಾನನೂ ಹಾಸಿಗೆ ಹಿಡೀತಾನೆ. ಎರಡು ವಾರದ ಹಿಂದೆ ಹೇಗಿದ್ರು ಅಂತ ಮನೆಯವರನ್ನ ಕೇಳಿ. ಅದೂ ಒಬ್ಬರನ್ನೇ ಕರೆದು ಕೇಳಿ. ಗುಂಪಲ್ಲಿ ಯಾರೂ ನಿಜ ಹೇಳಲ್ಲ.”

ಅವಳಿಗೆ ಐವತ್ತಾರು. ಹೆರಿಗೆ ವಾರ್ಡಿನಲ್ಲಿ ಹನ್ನೆರಡು ವರ್ಷ, ಮಕ್ಕಳ ವಾರ್ಡಿನಲ್ಲಿ ಹದಿನಾಲ್ಕು. ಆಮೇಲೆ ಓಡಾಟ ಕಡಿಮೆ ಎಂದು ಇಲ್ಲಿಗೆ ಹಾಕಿದ್ದರು. ಓಡಾಟ ಕಡಿಮೆಯಾಗಲಿಲ್ಲ, ನಿಧಾನವಾಯಿತು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಮದುವೆ ಆಗಲಿಲ್ಲ, ಯಾಕೆ ಎಂದು ಕೇಳುವವರೂ ಈಗ ಸುಮ್ಮನಾಗಿದ್ದರು. ಆರು ವರ್ಷ ಅಮ್ಮನನ್ನು ನೋಡಿಕೊಂಡಿದ್ದಳು. ಅಮ್ಮ ಹೋಗಿ ಮೂರು ವರ್ಷ. ಯಾರಾದರೂ ಅಮ್ಮನ ಮಾತೆತ್ತಿದರೆ ಅವಳ ಬಾಯಿಂದ ತಾನಾಗಿ ಬರುತ್ತಿದ್ದದ್ದು ಇಷ್ಟು: “ಕೊನೇವರೆಗೂ ಅಮ್ಮನ ಕೈಲಿ ಒಂದು ಲೋಟ ಎತ್ತಿಸಲಿಲ್ಲ ನಾನು.” ಅವಳ ಬದುಕಿನಲ್ಲಿ ಹೆಮ್ಮೆಪಟ್ಟುಕೊಳ್ಳುವುದು ಬಹಳ ಇರಲಿಲ್ಲ. ಇದೊಂದಿತ್ತು.

ಆ ಬುಧವಾರ ಪಟ್ಟಿಯಲ್ಲಿ ಹನ್ನೊಂದು ಜನ. ಕಿಟಕಿ ಪಕ್ಕದ ಮಂಚದ ಅಜ್ಜಿ ಹತ್ತನೆಯವಳು. ಎಪ್ಪತ್ತೆಂಟು ವರ್ಷ, ಎದೆಯಲ್ಲಿ ನ್ಯುಮೋನಿಯಾ, ಹಿಂದಿನ ದಿನ ಸಂಜೆ ಸೇರಿದ್ದಳು. ಮೂಗಿಗೆ ಆಮ್ಲಜನಕದ ನಳಿಕೆ, ಕೈಗೆ ಡ್ರಿಪ್. ತೆಳ್ಳಗೆ, ಒಗೆದು ಒಗೆದು ಮೆತ್ತಗಾದ ಬಟ್ಟೆಯ ಹಾಗೆ ಮಲಗಿದ್ದಳು. ಕುರ್ಚಿಯನ್ನು ಗೋಡೆಗೆ ಒರಗಿಸಿ ಸಿಸ್ಟರ್ ಎರಡು ಬೆರಳು ಚಾಚಿದಳು.

“ಅಮ್ಮಾ, ಹಿಡ್ಕೊಳ್ಳಿ. ಗಟ್ಟಿಯಾಗಿ.”

ಅಜ್ಜಿ ಹಿಡಿದಳು. ಹೂವು ಹಿಡಿದ ಹಾಗಿತ್ತು.

“ಮನೇಲಿ ಏನು ಕೆಲಸ ಮಾಡ್ತಿದ್ರಿ ಅಮ್ಮಾ? ಕಾಯಿಲೆಗೆ ಮುಂಚೆ?”

“ನಂದೇನು ಕೆಲಸ ತಾಯಿ,” ಅಜ್ಜಿ ಏದುಸಿರಿನ ನಡುವೆ ಹೇಳಿದಳು. “ಏನೂ ಇಲ್ಲ. ಮನೇಲೇ ಇರ್ತೀನಿ.”

ಮಂಚದ ಆ ಕಡೆ ಇಬ್ಬರು ನಿಂತಿದ್ದರು. ಒಬ್ಬಳು ಸೊಸೆ, ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ಅಂಗಡಿಯ ಹಸಿರು ಕೋಟಿನಲ್ಲೇ ಬಂದಿದ್ದಳು. ಇನ್ನೊಬ್ಬಳು ಅಜ್ಜಿಯ ದೊಡ್ಡ ಮಗಳು, ಬೇರೆ ಊರಿನವಳು, ಕೈಚೀಲವನ್ನು ಇನ್ನೂ ಹೆಗಲಿನಿಂದ ಇಳಿಸಿರಲಿಲ್ಲ. ಒಬ್ಬರನ್ನೇ ಹೊರಗೆ ಕರೆದುಕೊಂಡು ಹೋಗಿ ಕೇಳಬೇಕು ಎಂಬುದು ಸಿಸ್ಟರಿಗೆ ನೆನಪಿಲ್ಲದೆ ಇರಲಿಲ್ಲ. ಆದರೆ ಹೊರಗೆ ಅಂದರೆ ಮೂವತ್ತು ಹೆಜ್ಜೆ, ಬರಲು ಮತ್ತೆ ಮೂವತ್ತು. ಮಂಡಿ ಬೆಳಗಿನಿಂದ ಕೂಗುತ್ತಿತ್ತು. ನಿಂತಲ್ಲೇ ಕೇಳಿದಳು.

“ಎರಡು ವಾರದ ಹಿಂದೆ ಹೇಗಿದ್ರು? ಅಡುಗೆ, ಬಟ್ಟೆ, ಹೊರಗೆ ಹೋಗಿಬರೋದು?”

ಮಗಳು ಸೊಸೆಯ ಮುಖ ನೋಡಿದಳು. ಸೊಸೆ ಚಾದರದ ಅಂಚನ್ನು ಸರಿಮಾಡಿದಳು.

“ಅಯ್ಯೋ, ಎಲ್ಲಿ ಬಿಡ್ತೀವಿ ಸಿಸ್ಟರ್! ಈ ವಯಸ್ಸಲ್ಲಿ ಅತ್ತೆ ಕೈಲಿ ಕೆಲಸ ಮಾಡಿಸ್ತೀವಾ? ಒಂದು ಹುಲ್ಲುಕಡ್ಡಿ ಎತ್ತೋಕೂ ಬಿಡಲ್ಲ. ಎಲ್ಲಾ ನಾನೇ ಮಾಡ್ತೀನಿ.”

“ಸ್ನಾನ?”

“ಅದಕ್ಕೂ ನಾನೇ.”

ಮಗಳು ತಲೆಯಾಡಿಸಿದಳು, ತೃಪ್ತಿಯಾದವಳಂತೆ. ಸಿಸ್ಟರಿಗೆ ಆ ಹಸಿರು ಕೋಟಿನ ಹುಡುಗಿಯ ಮೇಲೆ ಪ್ರೀತಿ ಬಂತು. ಒಳ್ಳೆಯ ಹುಡುಗಿ, ನನ್ನ ಹಾಗೆಯೇ ನೋಡಿಕೊಂಡಿದ್ದಾಳೆ ಅಂದುಕೊಂಡಳು. ಮನೆಗೆಲಸ ಪೂರ್ತಿ ಬೇರೆಯವರದು, ಸ್ನಾನಕ್ಕೆ ಆಸರೆ ಬೇಕು, ಕೈಹಿಡಿತ ಇಲ್ಲ. ಕಾಗದದ ಮೇಲೆ ಆರು ಎಂದು ಬರೆದು, ಸಹಿ ಹಾಕಿ, ಹನ್ನೊಂದನೆಯವರ ಕಡೆಗೆ ಹೋದಳು.

ಗುರುವಾರ ಮೇಲಿನ ವಾರ್ಡಿನಲ್ಲಿ ಒಂದು ಮಂಚ ಖಾಲಿಯಾಯಿತು. ಎದುರು ಸಾಲಿನ ನಿವೃತ್ತ ಮೇಷ್ಟರಿಗೆ ಹೋಯಿತು. ಅವರದು ನಾಲ್ಕು.

ಶುಕ್ರವಾರ ಮಧ್ಯಾಹ್ನದ ಭೇಟಿಯ ಹೊತ್ತಿಗೆ ಅಜ್ಜಿಯ ಮಗ ಬಂದ. ಸಾಮಾನು ಸಾಗಿಸುವ ವ್ಯಾನಿನ ಡ್ರೈವರ್. ಮೂರು ದಿನದಲ್ಲಿ ಅವನ ಅಂಗಿ ಮೂರು ವಾರ ಮುದುಡಿದ ಹಾಗಿತ್ತು. ಅಜ್ಜಿಗೆ ಜ್ವರ ಇಳಿದಿತ್ತು, ಮೂಗಿನ ನಳಿಕೆ ತೆಗೆದಿದ್ದರು, ಆದರೆ ತಲೆ ಎತ್ತಲೂ ಆಗುತ್ತಿರಲಿಲ್ಲ. ಶನಿವಾರ ಸಂಜೆ ಮನೆಗೆ ಕಳಿಸುವುದು ಎಂದು ಕೇಸ್ ಶೀಟಿನಲ್ಲಿ ಬರೆದಾಗಿತ್ತು. ಪಕ್ಕದ ಮಂಚದಲ್ಲಿ ಇನ್ನೊಬ್ಬರ ಕಾಲಿನ ಸುತ್ತಳತೆ ತೆಗೆಯುತ್ತಿದ್ದ ಸಿಸ್ಟರಿಗೆ ಮಾತು ಕೇಳುತ್ತಿತ್ತು.

“ಅಮ್ಮಾ, ಕುಕ್ಕರಿನ ಹೊಸ ರಬ್ಬರ್ ಎಲ್ಲಿಟ್ಟಿದ್ದೀಯ? ಹಳೇದು ಹರಿದುಹೋಯ್ತು. ಎರಡು ದಿನದಿಂದ ಬರೀ ಬ್ರೆಡ್ಡು.”

“ಅಟ್ಟದ ಮೇಲೆ ಕಣೋ. ಎಡಗಡೆ, ಹಳೇ ಫ್ಯಾನಿನ ಹಿಂದೆ ತಗಡಿನ ಡಬ್ಬಿ.”

“ಅಟ್ಟದ ಮೇಲಾ? ಅಲ್ಲಿಗೆ ಯಾರು ಹಾಕಿದ್ರು?”

“ಇನ್ಯಾರು ಹಾಕ್ತಾರೆ, ನಿಮ್ಮಪ್ಪ ಬಂದು ಹಾಕ್ತಾರಾ? ಹೋದ ವಾರದ ಹಿಂದಿನ ಭಾನುವಾರ ಸ್ಟೂಲ್ ಹತ್ತಿ ಅಟ್ಟ ಗುಡಿಸಿದ್ನಲ್ಲ, ಆವಾಗ ಇಟ್ಟೆ. ನೀನು ಹೋಗಬೇಡ ಆ ಸ್ಟೂಲಿನ ಮೇಲೆ. ಒಂದು ಕಾಲು ಅಲ್ಲಾಡುತ್ತೆ, ನನಗೆ ಅದರ ಲಯ ಗೊತ್ತು.”

ಸಿಸ್ಟರ್ ಕೈಯಲ್ಲಿದ್ದ ಅಳತೆ ಟೇಪು ಕೆಳಗೆ ಜಾರಿತು. ಎತ್ತಿಕೊಳ್ಳಲು ಬಗ್ಗಲಿಲ್ಲ. ನೆಟ್ಟಗೆ ಕಿಟಕಿಯ ಮಂಚಕ್ಕೆ ಬಂದಳು.

“ಅಮ್ಮಾ, ಸ್ಟೂಲ್ ಹತ್ತಿದ್ರಾ ನೀವು?”

ಅಜ್ಜಿ ಗಾಬರಿಯಾಗಿ ಮಗನ ಮುಖ ನೋಡಿದಳು. “ಇಲ್ಲ ತಾಯಿ. ಸುಮ್ಮನೆ, ಹಾಗೇ ಒಂದ್ಸಲ.”

“ಮೊನ್ನೆ ಏನೂ ಕೆಲಸ ಮಾಡಲ್ಲ ಅಂದ್ರಲ್ಲ?”

“ಹೌದು, ಕೆಲಸ ಅಂದ್ರೆ ಕೆಲಸ. ಸಂಬಳದ್ದು. ಇದು ಮನೆದು.”

ಸಿಸ್ಟರ್ ಮತ್ತೆ ಎರಡು ಬೆರಳು ಚಾಚಿದಳು. “ಇನ್ನೊಂದು ಸಲ ಹಿಡೀರಿ. ಒದ್ದೆ ಬೆಡ್‌ಶೀಟ್ ಹಿಂಡ್ತೀರಲ್ಲ, ಹಾಗೆ.”

“ಬೇಡ ಬಿಡಿ. ನಿಮಗೆ ನೋವಾಗುತ್ತೆ.”

“ಆಗಲಿ.”

ಅಜ್ಜಿ ಹಿಂಡಿದಳು. ನಾಲ್ಕು ದಿನ ಜ್ವರದಲ್ಲಿ ಬೆಂದ ಕೈ. ಆದರೂ ಸಿಸ್ಟರ್ ಬೆರಳ ಗೆಣ್ಣು ಲಟಕ್ಕೆಂದಿತು. ಅವಳು ತುಟಿ ಕಚ್ಚಿಕೊಂಡು ಕೈ ಬಿಡಿಸಿಕೊಂಡಳು.

“ನಾನು ಹೇಳಿದೆ,” ಅಂದಳು ಅಜ್ಜಿ, ನೊಂದುಕೊಂಡು.

ಸೊಸೆ ಅಂಗಡಿಯಿಂದ ಬರುವ ಹೊತ್ತಿಗೆ ನಾಲ್ಕು ಗಂಟೆ. ಸಿಸ್ಟರ್ ಮೆಟ್ಟಿಲ ಹತ್ತಿರವೇ ಕಾದಿದ್ದಳು. ಇಬ್ಬರೂ ಮಹಡಿಗಳ ನಡುವಿನ ಕಟ್ಟೆಯಲ್ಲಿ ನಿಂತರು. ಅಲ್ಲಿ ಒಡೆದ ಗಾಜಿನ ಕಿಟಕಿ, ಸೇದಿ ಎಸೆದ ಸಿಗರೇಟು ತುಂಡುಗಳು, ಯಾರೋ ಮರೆತುಹೋದ ಫ್ಲಾಸ್ಕಿನ ಮುಚ್ಚಳ.

“ನಿಮ್ಮ ಮನೇಲಿ ಬೆಳಿಗ್ಗೆ ಮೊದಲು ಏಳೋರು ಯಾರು?”

ಸೊಸೆಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಅತ್ತೆ.”

“ಎದ್ದು?”

“ಹಾಲು ತರ್ತಾರೆ.”

“ಎಲ್ಲಿಂದ?”

“ಓಣಿ ತುದಿ ಅಂಗಡಿಯಿಂದ. ಯಾಕೆ ಸಿಸ್ಟರ್?”

“ನಿಮ್ಮದು ಎಷ್ಟನೇ ಮಹಡಿ?”

“ಎರಡನೇದು.”

“ಲಿಫ್ಟ್ ಇದೆಯಾ?”

“ಎಲ್ಲಿಯ ಲಿಫ್ಟು.”

“ಸರಿ. ಹಾಲು ತಂದು ಆಮೇಲೆ?”

ಸೊಸೆಗೆ ಈಗ ದಾರಿ ಎಲ್ಲಿಗೆ ಹೋಗುತ್ತಿದೆ ಎಂದು ತಿಳಿದಿತ್ತು. ಕೋಟಿನ ಗುಂಡಿಯೊಂದನ್ನು ತಿರುವುತ್ತ ನಿಂತಳು.

“ನೋಡಮ್ಮಾ,” ಸಿಸ್ಟರ್ ಗೋಡೆಗೆ ಒರಗಿದಳು, “ನಿನ್ನನ್ನ ಬೈಯೋಕೆ ಕರೆದಿಲ್ಲ. ನನ್ನ ತಪ್ಪು ಸರಿ ಮಾಡ್ಕೊಳ್ಳೋಕೆ ಕರೆದೆ. ನೀನು ಮೊನ್ನೆ ಹೇಳಿದ್ದು ಕೇಳಿ ನಾನು, ಇವರು ಮೊದಲಿನಿಂದಲೂ ಹಾಸಿಗೆ ಹತ್ತಿರದವರು ಅಂತ ಬರೆದುಬಿಟ್ಟೆ. ಹಾಗೆ ಬರೆದವರನ್ನ ಮೇಲೆ ತಗೊಳ್ಳಲ್ಲ. ನಾಳೆ ಮನೆಗೆ ಕಳಿಸ್ತಾರೆ. ಹೀಗೇ ಮಲಗಿದ್ರೆ ಇನ್ನು ಹತ್ತು ದಿನಕ್ಕೆ ಆ ಕಾಲು ನಿಲ್ಲಲ್ಲ. ಆಮೇಲೆ ನಿಜವಾಗ್ಲೂ ನೀನೇ ಸ್ನಾನ ಮಾಡಿಸ್ಬೇಕಾಗುತ್ತೆ, ಇರೋವರೆಗೂ.”

“ಹಾಗಂತ ಮೊನ್ನೆ ಯಾಕೆ ಹೇಳಲಿಲ್ಲ ನೀವು?” ಸೊಸೆಯ ದನಿ ಏರಿತು. “ಇದು ಇಂಥದ್ದಕ್ಕೆ ಕೇಳ್ತಿದ್ದೀವಿ ಅಂತ ಹೇಳಬಾರ್ದಾ? ಪಕ್ಕದಲ್ಲಿ ಅಕ್ಕ ನಿಂತಿದ್ರು. ಅವರ ಮುಂದೆ ಏನಂತ ಹೇಳಲಿ? ನಿಮ್ಮಮ್ಮ ಅಡುಗೆ ಮಾಡ್ತಾರೆ, ಬಟ್ಟೆ ಒಗೀತಾರೆ, ನಾನು ಒಂಬತ್ತು ಗಂಟೆಗೆ ಡಬ್ಬಿ ತಗೊಂಡು ಅಂಗಡಿಗೆ ಹೋಗ್ತೀನಿ ಅಂತಾನಾ? ಅಮ್ಮನ್ನ ದುಡಿಸಿ ದುಡಿಸಿ ಆಸ್ಪತ್ರೆಗೆ ಹಾಕಿದ್ಲು ಅಂತ ನೆಂಟರಿಗೆಲ್ಲ ಫೋನ್ ಹೋಗ್ತಿತ್ತು.”

“ಹೌದು. ಅವರ ಮುಂದೆ ಕೇಳಬಾರ್ದಿತ್ತು.”

ಅಷ್ಟು ಬೇಗ ಒಪ್ಪಿಕೊಂಡದ್ದರಿಂದ ಸೊಸೆಯ ಕೋಪಕ್ಕೆ ನಿಲ್ಲಲು ಜಾಗ ಸಿಗಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ನಾನೇನು ಮಾಡಿ ಅಂತ ಹೇಳಿಲ್ಲ ಸಿಸ್ಟರ್. ಬೇಡ ಅಂದ್ರೆ ಕೇಳಲ್ಲ. ರಜೆ ದಿನ ನಾನು ಪಾತ್ರೆ ತೊಳೆದಿಟ್ರೆ, ಆಮೇಲೆ ಬಂದು ಇನ್ನೊಂದ್ಸಲ ತೊಳೀತಾರೆ. ಜಿಡ್ಡು ಹೋಗಿಲ್ವಂತೆ.”

ಸಿಸ್ಟರ್ ನಕ್ಕಳು. ಆ ದಿನ ಮೊದಲ ಸಲ. “ಹೇಳು. ಒಂದೊಂದಾಗಿ ಹೇಳು, ಬರ್ಕೊಳ್ತೀನಿ.”

ಸೊಸೆ ಹೇಳಿದಳು. ಹಾಲು, ಅಡುಗೆ, ಮೂವರ ಬಟ್ಟೆ. ತಾರಸಿಗೆ ಹೋಗಿ ಒಣಗಹಾಕಿ ಮತ್ತೆ ತರುವುದು. ಬುಧವಾರ ಬುಧವಾರ ತರಕಾರಿ. ಭಾರ ಇದ್ದರೆ ಎರಡು ಸಲ ಹೋಗಿಬರುತ್ತಾರೆ, ಆಟೋ ಮಾಡುವುದಿಲ್ಲ. ಎರಡನೇ ಮಹಡಿ ಹತ್ತುವಾಗ ಮಧ್ಯೆ ಒಂದು ಸಲ ನಿಲ್ಲುತ್ತಾರೆ, ಕೆಳಗಿನ ಮನೆಯವಳ ಜೊತೆ ಮಾತಾಡುವ ನೆಪದಲ್ಲಿ, ನಿಜಕ್ಕೂ ಉಸಿರಿಗೆ. ಸ್ನಾನ ಅವರದೇ. ಆ ಬಾಗಿಲಿನ ಹತ್ತಿರ ಯಾರೂ ಸುಳಿಯುವ ಹಾಗಿಲ್ಲ. ಹೇಳುತ್ತ ಹೇಳುತ್ತ ಸೊಸೆಯ ಮುಖ ಸಣ್ಣದಾಯಿತು. ಇಷ್ಟೆಲ್ಲ ಇದೆ ಎಂದು ಅವಳಿಗೂ ಒಟ್ಟಿಗೆ ಕೇಳಿದಾಗಲೇ ತಿಳಿದ ಹಾಗಿತ್ತು.

“ಅಕ್ಕನಿಗೆ ಗೊತ್ತಾಗುತ್ತಾ?” ಕೊನೆಗೆ ಕೇಳಿದಳು.

“ನಾನು ಹೇಳಲ್ಲ. ಆದರೆ ಅಮ್ಮ ನಡೆದಾಡೋಕೆ ಶುರು ಮಾಡಿದ್ರೆ ಗೊತ್ತಾಗದೆ ಇರುತ್ತಾ?”

ಡಾಕ್ಟರಮ್ಮ ತನ್ನ ಕೋಣೆಯಲ್ಲಿ ತಣ್ಣಗಾದ ಕಾಫಿ ಕುಡಿಯುತ್ತ ಕೂತಿದ್ದಳು. ಮೇಲಿನ ವಾರ್ಡ್ ಅವಳದು. ಸಿಸ್ಟರ್ ಕಾಗದವನ್ನು ಮೇಜಿನ ಮೇಲಿಟ್ಟಳು. ಆರನ್ನು ಹೊಡೆದು ಪಕ್ಕದಲ್ಲಿ ನಾಲ್ಕು ಎಂದು ಬರೆದಿತ್ತು. ಕೆಳಗೆ ಒಂದು ಸಾಲು: ಮನೆಯವರ ಮಾತನ್ನು ನಾನು ತಪ್ಪಾಗಿ ತಿಳಿದೆ.

“ಇದೇನು ಸಿಸ್ಟರ್? ಅಳಬೇಡ ಅಂದ್ರೆ ಮಕ್ಕಳು ನಿಲ್ಲಿಸ್ತವಲ್ಲ, ಹಾಗೆ ಎರಡು ಅಂಕಿ ಇಳಿದುಬಿಡ್ತಾ?”

“ಇಳಿದಿಲ್ಲ. ಮೊದಲಿಂದ ನಾಲ್ಕೇ. ನಾನು ಕೇಳಿದ್ದು ಸರಿ ಇರಲಿಲ್ಲ.”

“ನಿಮ್ಮ ಅಂಕಿ ಅಂದ್ರೆ ನಾನು ತಿರುಗಿ ನೋಡೋದೇ ಇಲ್ಲ, ಗೊತ್ತಾ? ಕಣ್ಣು ಮುಚ್ಚಿ ಸಹಿ.”

“ನೋಡ್ಬೇಕಿತ್ತು ಮೇಡಂ.”

ಡಾಕ್ಟರಮ್ಮ ಕಪ್ ಕೆಳಗಿಟ್ಟಳು. ಕಾಗದವನ್ನು ಇನ್ನೊಮ್ಮೆ ಓದಿದಳು. “ಮಂಚ ಇಲ್ಲ ಸಿಸ್ಟರ್. ಮೇಷ್ಟರಿಗೆ ಕೊಟ್ಟಾಯ್ತು. ಇನ್ನೊಂದು ಮಂಗಳವಾರ ಖಾಲಿ ಆಗುತ್ತೆ. ಅಲ್ಲೀವರೆಗೆ ಕೆಳಗೇ ಇಟ್ಕೋಬಹುದು, ಅದಕ್ಕೆ ನಾನು ಹೇಳ್ತೀನಿ. ಆದರೆ ನಾಲ್ಕು ದಿನ ಹೀಗೇ ಮಲಗಿದ್ರೆ ಮೇಲೆ ಬಂದು ಏನು ಪ್ರಯೋಜನ? ಕಾಲಲ್ಲಿ ಏನಾದ್ರೂ ಉಳಿದಿರಬೇಕಲ್ಲ ನನಗೆ.”

“ಮಲಗೋಕೆ ನಾನು ಬಿಡಲ್ಲ.”

“ಶನಿವಾರ ಭಾನುವಾರ ನಿಮಗೆ ರಜ.”

“ಗೊತ್ತು.”

“ಮಂಗಳವಾರ ಕುರ್ಚಿಯಿಂದ ತಾನಾಗಿ ಎದ್ದು ನಿಂತರೆ ಕಳಿಸಿ. ಇಲ್ಲಾಂದ್ರೆ ಕೇಳಬೇಡಿ. ಕಾಯ್ತಾ ಇರೋರು ಇನ್ನೂ ಇಬ್ಬರಿದ್ದಾರೆ.”

ಆ ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿತು. ಸಿಕ್ಕರೂ ಅವಳಿಗೆ ಒರಗಲಾಗಲಿಲ್ಲ. ಇಲ್ಲಿಗೆ ಬಂದ ಎಂಟು ವರ್ಷದಲ್ಲಿ ಬರೆದ ಆರುಗಳು ಎಷ್ಟು? ಎಷ್ಟು ಜನ ಸೊಸೆಯಂದಿರು, ಎಷ್ಟು ಜನ ಮಕ್ಕಳು, ಮಂಚದ ಆ ಕಡೆ ನಿಂತು ಇದೇ ಮಾತು ಹೇಳಿದ್ದರು? ಎಲ್ಲಾ ನಾವೇ ಮಾಡ್ತೀವಿ ಸಿಸ್ಟರ್. ಕೆಲವರದು ನಿಜ ಇದ್ದೀತು. ಯಾರದು ಎಂದು ಈಗ ಹೇಗೆ ತಿಳಿಯುವುದು.

ಮತ್ತೆ ಅಮ್ಮ. ಮೊದಲ ವರ್ಷ ಅಮ್ಮ ಬಾಗಿಲ ಸದ್ದು ಕೇಳಿ ಎದ್ದು ಬಂದು ಚಿಲಕ ತೆಗೆಯುತ್ತಿದ್ದಳು. “ನೀನ್ಯಾಕೆ ಏಳ್ತೀಯ, ನನ್ನ ಹತ್ರ ಬೀಗದಕೈ ಇಲ್ವಾ?” ಎಂದು ಗದರಿಸಿದವಳು ಇವಳೇ. ಸೊಪ್ಪು ಬಿಡಿಸಲು ಕೂತರೆ ತಟ್ಟೆ ಕಿತ್ತುಕೊಂಡದ್ದು, ಬಟ್ಟೆ ಮಡಚಲು ಹೋದರೆ ರಾಶಿಯನ್ನೇ ಎತ್ತಿಕೊಂಡು ಹೋದದ್ದು. ನೀರು, ಊಟದ ಡಬ್ಬಿ, ರೇಡಿಯೊ, ಎಲ್ಲವನ್ನೂ ಕೈಗೆಟಕುವ ಹಾಗೆ ಇಟ್ಟು ಡ್ಯೂಟಿಗೆ ಹೋಗುತ್ತಿದ್ದಳು. ಎರಡನೆಯ ವರ್ಷದ ಕೊನೆಗೆ ಅಮ್ಮ ಏಳುವುದನ್ನು ಬಿಟ್ಟಳು. ವಯಸ್ಸು ಅಂದುಕೊಂಡಿದ್ದಳು. ಬೇರೆಯವರ ತಾಯಂದಿರ ತ್ರಾಣ ಅಳೆಯುವುದೇ ಕಸುಬಾದವಳು. ಇಳಿಯುವ ನಿಲ್ದಾಣ ದಾಟಿ ಮುಂದಿನದರಲ್ಲಿ ಇಳಿದು, ಅಷ್ಟು ದೂರ ಹಿಂದಕ್ಕೆ ನಡೆದಳು.

ಶನಿವಾರ ಬೆಳಿಗ್ಗೆ ಎಂಟಕ್ಕೆ, ಸಮವಸ್ತ್ರವಿಲ್ಲದೆ ಮನೆಯ ಬಟ್ಟೆಯಲ್ಲೇ ಬಂದ ಸಿಸ್ಟರನ್ನು ನೋಡಿ ಆಯಮ್ಮ ಕಣ್ಣರಳಿಸಿದಳು. “ಏನು, ನೀವೂ ದಾಖಲಾಗೋಕೆ ಬಂದ್ರಾ?”

“ಮಂಚ ಇದ್ರೆ ಕೊಡಿಸು. ಈಗ ಬಾ, ಈ ಕಡೆ ಭುಜ ಹಿಡಿ.”

ಕೂರಿಸಿದ್ದೇ ದೊಡ್ಡ ಕೆಲಸವಾಯಿತು. ಅಜ್ಜಿಗೆ ತಲೆ ತಿರುಗಿತು, ಬೆವರಿದಳು, ಎರಡು ನಿಮಿಷಕ್ಕೆ ಮತ್ತೆ ಮಲಗಿಸಬೇಕಾಯಿತು. ಮಧ್ಯಾಹ್ನ ಐದು ನಿಮಿಷ ಕೂತಳು. ಸಂಜೆ ಸೊಸೆಯೂ ಬಂದಿದ್ದಳು; ಇಬ್ಬರೂ ಕಂಕುಳಿಗೆ ಕೈಕೊಟ್ಟು ನಿಲ್ಲಿಸಿದರು. ಅಜ್ಜಿಯ ಮಂಡಿ ನಡುಗಿದ್ದು ಮಂಚದ ಕಬ್ಬಿಣದಲ್ಲೂ ಕೇಳಿಸಿತು.

ಭಾನುವಾರ ಅಜ್ಜಿ ಮುಷ್ಕರ ಹೂಡಿದಳು. ಗೋಡೆ ಕಡೆ ತಿರುಗಿ ಮಲಗಿದಳು.

“ಇವತ್ತು ಬೇಡ ತಾಯಿ. ಮೈಯೆಲ್ಲ ಒಡೆದ ಹಾಗಾಗಿದೆ. ನಾಳೆ ನೋಡೋಣ.”

“ನಾಳೆ ಅಂದ್ರೆ ಒಂದೇ ದಿನ ಉಳಿಯುತ್ತೆ ಅಮ್ಮ.”

“ಉಳಿದ್ರೆ ಉಳೀತು. ಎಷ್ಟು ವರ್ಷ ನಿಂತಿದ್ದೀನಿ ಈ ಕಾಲ ಮೇಲೆ. ಸಾಕಾಯ್ತು ಅವಕ್ಕೂ.”

ಸಿಸ್ಟರ್ ಕುರ್ಚಿಯಲ್ಲಿ ತಾನೇ ಕೂತಳು. ಅವಳಿಗೂ ಸಾಕಾಗಿತ್ತು. ಬಹಳ ಹೊತ್ತು ಇಬ್ಬರೂ ಹಾಗೇ ಇದ್ದರು, ಒಬ್ಬಳು ಗೋಡೆ ನೋಡುತ್ತ, ಇನ್ನೊಬ್ಬಳು ತನ್ನ ಚಪ್ಪಲಿ ನೋಡುತ್ತ. ಆಮೇಲೆ ಅಜ್ಜಿ ತಿರುಗದೆಯೇ ಕೇಳಿದಳು:

“ನಿಮಗೆ ಇವತ್ತು ರಜ ಅಲ್ವಾ?”

“ಹೌದು.”

“ಮನೇಲಿ ಕಾಯೋರಿಲ್ವಾ?”

“ಇಲ್ಲ.”

ಅಜ್ಜಿ ಉಸಿರುಬಿಟ್ಟಳು. “ಎತ್ತಿ ಮತ್ತೆ. ಒಂದೇ ಸಲ. ಬಂದ ಬಸ್ ಚಾರ್ಜಾದ್ರೂ ಹುಟ್ಟಲಿ ನಿಮ್ಮದು.”

ಒಂದೇ ಸಲ ಎಂದವಳು ಮೂರು ಸಲ ನಿಂತಳು. ಸೋಮವಾರ ಒಬ್ಬರ ಆಸರೆಯಲ್ಲಿ ನೀಲಿ ಪಟ್ಟಿಯ ಕಡೆಗೆ ಅರ್ಧ ದಾರಿ ಹೋದಳು. ವಾಪಸ್ಸು ಬರುವಾಗ ದಾರಿಯಲ್ಲಿದ್ದ ಸ್ಟೂಲಿನ ಮೇಲಿನ ಟವೆಲ್ಲು ಕಣ್ಣಿಗೆ ಬಿದ್ದು, ನಿಂತು, ಒಂದು ಕೈಯಲ್ಲಿ ಮಡಚತೊಡಗಿದಳು. ಸೊಸೆ ಅಭ್ಯಾಸಬಲದಿಂದ “ಬಿಡಿ ಅತ್ತೆ, ನಾನು—” ಎಂದು ಮುಂದೆ ಬಂದಳು. ಸಿಸ್ಟರ್ ಅವಳ ಮಣಿಕಟ್ಟು ಹಿಡಿದಳು. ಹಿಡಿದೇ ಇದ್ದಳು. ಟವೆಲ್ಲು ಮಡಚಿ ಮುಗಿಯಲು ಸುಮಾರು ಹೊತ್ತು ಬೇಕಾಯಿತು. ನೋಡುತ್ತ ನಿಲ್ಲುವುದು, ಮಾಡಿಕೊಡುವುದಕ್ಕಿಂತ ಕಷ್ಟ.

ಮಂಗಳವಾರ ಹನ್ನೊಂದಕ್ಕೆ ಡಾಕ್ಟರಮ್ಮ ಬಂದಳು. ಅದೇ ಹೊತ್ತಿಗೆ ಅಜ್ಜಿಯ ಮಗಳೂ ಬಂದಳು, ಕೈಚೀಲದ ಸಮೇತ. ಅಜ್ಜಿ ಕುರ್ಚಿಯಲ್ಲಿ ಕೂತಿದ್ದಳು, ಎರಡೂ ಕೈ ಎದೆಗೆ ಕಟ್ಟಿಕೊಂಡು. ಸುತ್ತ ನಾಲ್ಕು ಜನ, ಯಾರೂ ಮುಟ್ಟದೆ.

“ಇದೇನಿದು? ಅಮ್ಮನ್ನ ಯಾಕೆ ಎಬ್ಬಿಸಿದ್ದೀರಿ?” ಮಗಳ ದನಿ ವಾರ್ಡಿನ ಆ ತುದಿಗೂ ಕೇಳಿಸಿತು. ಸೊಸೆಯ ಕಡೆ ತಿರುಗಿದಳು. “ನೀನಾದ್ರೂ ಹಿಡ್ಕೋಬಾರ್ದಾ? ಕೈ ಕಟ್ಟಿಕೊಂಡು ನೋಡ್ತಾ ನಿಂತಿದ್ದೀಯಲ್ಲ!”

ಸೊಸೆಯ ಮುಖ ಕೆಂಪಾಯಿತು. ಒಂದು ಹೆಜ್ಜೆ ಮುಂದಿಟ್ಟಳು. ಆಮೇಲೆ ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಹೌದಕ್ಕಾ. ನೋಡ್ತಾ ನಿಂತಿದ್ದೀನಿ. ನೀವೂ ನೋಡಿ.”

ಅಜ್ಜಿ ಮುಂದಕ್ಕೆ ಬಾಗಿದಳು. ಏಳಲಿಲ್ಲ. ಮತ್ತೆ ಬಾಗಿದಳು. ಎರಡನೆಯ ಸಲ ಸೊಂಟ ಕುರ್ಚಿ ಬಿಟ್ಟು, ಗಾಳಿಯಲ್ಲಿ ಒಂದು ಕ್ಷಣ ಯಾವ ಕಡೆಗೆಂದು ತಿಳಿಯದೆ ನಿಂತು, ಮೇಲಕ್ಕೆ ಬಂತು. ನಿಂತಳು. ತೂಗಾಡಿದಳು, ಬೀಳಲಿಲ್ಲ.

ಡಾಕ್ಟರಮ್ಮ ಗಡಿಯಾರ ನೋಡಿ ಏನೋ ಬರೆದುಕೊಂಡಳು. “ಕಳಿಸಿ,” ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದಳು.

ಗಾಲಿಕುರ್ಚಿ ಬಂತು. ಲಿಫ್ಟಿನ ಬಾಗಿಲವರೆಗೆ ಮಗಳು ಜೊತೆಗೇ ನಡೆದಳು, ಅರ್ಧ ಕೋಪದಲ್ಲಿ, ಅರ್ಧ ಭಯದಲ್ಲಿ. “ಏನಮ್ಮಾ ಇದೆಲ್ಲ? ಇಷ್ಟು ದಿನ ಒಂದು ಕಡ್ಡಿ ಎತ್ತಿದವಳಲ್ಲ ನೀನು, ಈ ವಯಸ್ಸಲ್ಲಿ ವ್ಯಾಯಾಮ ಅಂತೆ.”

“ಯಾರು ಹೇಳಿದ್ದು ಎತ್ತಿಲ್ಲ ಅಂತ?” ಅಜ್ಜಿಗೆ ಇನ್ನೂ ಉಸಿರು ನೆಟ್ಟಗಾಗಿರಲಿಲ್ಲ. “ಮನೇಲಿ ಎರಡು ಹೊತ್ತು ಒಲೆ ಹಚ್ಚೋಳು ನಾನೇ. ಇವಳು ಪಾಪ ಬೆಳಗಿಂದ ಸಂಜೆವರೆಗೆ ಅಂಗಡೀಲಿ ನಿಂತಿರ್ತಾಳೆ. ನಿನ್ನ ಮನೇಗೆ ಬಂದಾಗಲೇ ನೋಡು, ಕೂರಮ್ಮಾ ಕೂರಮ್ಮಾ ಅಂತ ಸೋಫಾಕ್ಕೆ ಒತ್ತಿ ಒತ್ತಿ, ಹದಿನೈದು ದಿನಕ್ಕೇ ನನ್ನ ಮಂಡಿ ಹಿಡ್ಕೊಂಡಿತ್ತು. ನಿನಗೆ ಬೇಜಾರಾಗುತ್ತೆ ಅಂತ ಬಾಯಿ ಬಿಟ್ಟಿರಲಿಲ್ಲ.”

ಮಗಳು ಸೊಸೆಯನ್ನು ನೋಡಿದಳು. ಸೊಸೆ ಲಿಫ್ಟಿನ ಗುಂಡಿಯನ್ನೇ ನೋಡುತ್ತಿದ್ದಳು. ಯಾರೂ ಏನೂ ಹೇಳುವ ಮೊದಲೇ ಬಾಗಿಲು ತೆರೆದು, ಮೂವರನ್ನೂ ಒಳಗೆ ತೆಗೆದುಕೊಂಡಿತು. ಮೇಲೆ ಹೋಗುವ ಹೊತ್ತಿಗೆ ಒಳಗೆ ಜಗಳ ಶುರುವಾಗಿತ್ತೋ, ನಗುವೋ, ಹೊರಗೆ ನಿಂತಿದ್ದ ಸಿಸ್ಟರಿಗೆ ಸರಿಯಾಗಿ ಕೇಳಲಿಲ್ಲ.

ಅವಳು ಲಿಫ್ಟಿನ ಪಕ್ಕದ ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತಳು. ಮಂಡಿಯನ್ನು ಮಡಚಿ ಬಿಡಿಸಿ ನೋಡಿದಳು. ಕೋಟಿನ ಜೇಬಿನಲ್ಲಿ ಅಂದಿನ ಪಟ್ಟಿ ಇತ್ತು, ಒಂಬತ್ತು ಜನರದು. ಒಬ್ಬರನ್ನೂ ಇನ್ನೂ ನೋಡಿರಲಿಲ್ಲ. ಮೊದಲನೆಯವರ ಮಂಚದ ಸುತ್ತ ಮಗ, ಸೊಸೆ, ಮಗಳು, ಅಳಿಯ ಎಲ್ಲರೂ ಸೇರಿದ್ದು ಇಲ್ಲಿಂದಲೇ ಕಾಣುತ್ತಿತ್ತು. ಅವರಲ್ಲಿ ಒಬ್ಬರನ್ನು ಹೊರಗೆ ಕರೆತರಬೇಕು. ಹೋಗಲು ಮೂವತ್ತು ಹೆಜ್ಜೆ, ಬರಲು ಮೂವತ್ತು. ಅವಳು ಗೋಡೆ ಬಿಟ್ಟು ಹೊರಟಳು.